ಮುಚ್ಚಿಟ್ಟ ಕಾಯಿಲೆಗೆ ವಿಮೆಯಿಲ್ಲ

ನಮ್ಮ ಸೀಮೆಯಲ್ಲಿ ಸಕ್ಕರೆ ಕಾಯಿಲೆಯನ್ನು ಕಟ್ಟೆಯ ಮೇಲೆ ಕುಳಿತು ಹೇಳಿಕೊಳ್ಳುತ್ತಾರೆ. ಮೊಣಕಾಲಿನ ನೋವನ್ನು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಅಪರಿಚಿತರಿಗೂ ಹೇಳುತ್ತಾರೆ. ಆದರೆ ಮದುವೆಯಾಗದ ಹುಡುಗಿಗೆ ಮೂರ್ಛೆ ರೋಗವಿದ್ದರೆ ಆ ಮಾತು ಮನೆಯ ಹೊಸ್ತಿಲನ್ನು ದಾಟುವುದಿಲ್ಲ.

ಸಿಂಗಟಾಲೂರಿನ ಕಳಕಪ್ಪನ ಮನೆಯಲ್ಲಿಯೂ ಹಾಗೆಯೇ ಆಗಿತ್ತು. ಅವನ ಮಗಳು ಅನ್ನಪೂರ್ಣ ಹೈಸ್ಕೂಲಿನಲ್ಲಿದ್ದಾಗ ಮೊದಲ ಸಲ ಮೂರ್ಛೆ ಬಂದು ನೆಲಕ್ಕೆ ಬಿದ್ದಳು. ಗದಗಿನ ವೈದ್ಯರೊಬ್ಬರು ಗುಳಿಗೆ ಬರೆದುಕೊಟ್ಟರು. ಗುಳಿಗೆ ಗುಣ ಕೊಟ್ಟಿತು. ಹುಡುಗಿ ಓದಿನಲ್ಲಿ ಯಾರಿಗೂ ಹಿಂದೆ ಬೀಳದೆ ಧಾರವಾಡದಲ್ಲಿ ಕೃಷಿ ಪದವಿಯನ್ನೂ ಪಡೆದಳು. ಆದರೆ ಆ ಗುಳಿಗೆಯ ಹೆಸರನ್ನು ಮಾತ್ರ ಹೊರಗಿನವರು ಯಾರೂ ಕಾಣಲಿಲ್ಲ. ತಾಯಿ ಅಮೃತವ್ವ ಔಷಧದ ಅಂಗಡಿಯಿಂದ ಬಂದ ಗುಳಿಗೆಗಳನ್ನೆಲ್ಲ ಆಗಲೇ ಹಾಳೆಯಿಂದ ಬಿಡಿಸಿ, ಅಡಿಕೆಪುಡಿಯ ಖಾಲಿ ಡಬ್ಬಿಗೆ ಸುರಿಯುತ್ತಿದ್ದಳು. ಹೆಸರು ಅಚ್ಚಾಗಿದ್ದ ಹಾಳೆ ಒಲೆಗೆ ಹೋಗುತ್ತಿತ್ತು. ಬಂದವರು ಯಾರಾದರೂ ಕೇಳಿದರೆ, “ರಕ್ತ ಕಡಿಮಿ ಐತ್ರಿ, ಅದಕ್ಕ ಗುಳಿಗಿ” ಎಂಬ ಉತ್ತರ ಸಿದ್ಧವಾಗಿತ್ತು.

ಈ ಅನ್ನಪೂರ್ಣೆಗೆ ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಮುಂದಿನ ಓದಿಗೆ ಸೀಟು ಸಿಕ್ಕಿತು. ನೀರುಂಡ ಭೂಮಿಯಲ್ಲಿ ಉಪ್ಪಿನ ಸವಳು ಏಕೆ ಏಳುತ್ತದೆ, ಅದನ್ನು ಇಳಿಸುವುದು ಹೇಗೆ ಎಂಬುದು ಅವಳ ಅಭ್ಯಾಸದ ವಿಷಯ. ಹೊರಡುವ ದಿನ ಹತ್ತಿರವಾಯಿತು. ಪೆಟ್ಟಿಗೆ ಅರ್ಧ ತುಂಬಿತ್ತು. ತಿಂಗಳುಗಟ್ಟಲೆ ಕೆಡದ ಕಟಿರೊಟ್ಟಿ ಬಡಿದು ಕೊಡಲು ಓಣಿಯ ಹೆಂಗಸರು ಬಂದಿದ್ದರು. ಕಳಕಪ್ಪನ ಅಕ್ಕ ಹುಚ್ಚವ್ವ ಶಿರಹಟ್ಟಿಯಿಂದ ಒಂದು ಸಂಬಂಧವನ್ನು ಹೊತ್ತು ತಂದಿದ್ದಳು. ಹುಡುಗಿ ವಿಮಾನ ಹತ್ತುವ ಮುಂಚೆ ಮಾತು ಗಟ್ಟಿಯಾಗಲಿ ಎಂಬುದು ಅವಳ ಆಸೆ.

ಆಗ ಹುಬ್ಬಳ್ಳಿಯ ವಿಮಾ ಏಜೆಂಟನ ಫೋನು ಬಂತು. ಕಳಕಪ್ಪನಿಗೆ ಕಿವಿ ಸ್ವಲ್ಪ ಮಂದ. ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟೇ ಮಾತನಾಡುವುದು ಅವನ ರೂಢಿ.

“ಕಾಕಾರ, ಪಾಲಿಸಿ ಒಂದ ಉಳದೈತಿ ನೋಡ್ರಿ. ಭಾಳ ಅಗ್ಗ, ಓದು ಮುಗಿಯೂತನಕ ನಡೀತೈತಿ. ಒಂದ ಪ್ರಶ್ನಿ ಕೇಳ್ತೀನಿ. ಹುಡುಗಿಗೆ ಹಳೇ ಜಡ್ಡು ಏನರ ಐತೇನ್ರಿ?”

“ಏನೂ ಇಲ್ಲ. ಕಲ್ಲಿನಂಗ ಗಟ್ಟಿ ಅದಾಳ,” ಎಂದ ಕಳಕಪ್ಪ.

“ಐತಿ,” ಎಂದಳು ಅನ್ನಪೂರ್ಣ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳು ಫೋನಿನ ಹತ್ತಿರ ಬಂದು ನಿಂತಳು.

“ನನಗ ಮೂರ್ಛಿ ರೋಗ ಐತ್ರಿ. ಹೈಸ್ಕೂಲಿನಿಂದ ಗುಳಿಗಿ ತಗೊಳ್ಳಾಕತ್ತೀನಿ. ಹಂಗ ಬರಕೋರಿ.”

ಏಜೆಂಟ ದನಿ ತಗ್ಗಿಸಿದ. “ಅಕ್ಕಾರ, ಹಂಗ ಬರದ್ರ ಕೆಲಸ ಕೆಡತೈತಿ. ಈ ಪಾಲಿಸಿಯೊಳಗ ಹಳೇ ಜಡ್ಡಿಗೆ ಏನೂ ಸಿಗಂಗಿಲ್ಲ. ಇಲ್ಲ ಅಂತ ಬರಸ್ರಿ. ಅಲ್ಲಿ ಯಾರು ಬಂದು ನೋಡ್ತಾರ?”

“ನಾ ಬಿದ್ದ ದಿನ ನೋಡ್ತಾರ್ರಿ.”

ಕಳಕಪ್ಪ ಫೋನನ್ನು ಬಂದ್ ಮಾಡಿದ. ಹುಚ್ಚವ್ವ ಅಡುಗೆಮನೆಗೆ ಧಾವಿಸಿ, “ಆತು, ಹೋಗ್ರವ್ವಾ ಹೋಗ್ರಿ, ಹಿಟ್ಟು ಮುಗೀತು!” ಎಂದು ಹೆಂಗಸರನ್ನೆಲ್ಲ ಎಬ್ಬಿಸಿದಳು. ಹಿಟ್ಟು ಇನ್ನೂ ಅರ್ಧ ಬುಟ್ಟಿ ಇತ್ತು. ಅವರು ಒಬ್ಬರ ಮುಖ ಒಬ್ಬರು ನೋಡುತ್ತ ಕೈ ತೊಳೆದುಕೊಂಡು ಹೋದರು.

“ನಿನ್ನ ಬಾಯಿಗೆ ಬೀಗ ಹಾಕ್ಲಿ!” ಎಂದು ಹುಚ್ಚವ್ವ ಸೋದರಸೊಸೆಯ ಕಡೆಗೆ ತಿರುಗಿದಳು. “ನಾಳೆ ಶಿರಹಟ್ಟಿಯವರು ಬರೋರದಾರ. ಇವತ್ತ ಸಂಜೀಕ ಓಣಿಗೆಲ್ಲಾ ಖಬರ ಆಗತೈತಿ. ಏನ್ ಸಾಧಿಸಿದಿ?”

“ಅತ್ತಿ, ನಿಮ್ಮ ಸಕ್ಕರಿ ಜಡ್ಡು ಶಿರಹಟ್ಟಿ ಬಸ್ಸಿನ ಕಂಡಕ್ಟರಗೂ ಗೊತ್ತೈತಿ. ನಂದ ಯಾಕ ಮುಚ್ಚಬೇಕು?”

“ನಾ ಮದಿವಿ ಆಗಿ ಮೊಮ್ಮಕ್ಕಳನ್ನ ಎತ್ತಿ ಆಡಿಸಿದಾಕಿ ಲೇ! ನನಗ ಇನ್ನ ಯಾರು ಒಲ್ಲೆ ಅನ್ನಬೇಕು?”

ಕಳಕಪ್ಪ ಕೋಪದಿಂದ ಎದ್ದು ನಿಂತ. “ಅವಗ ತಿರುಗಿ ಫೋನ್ ಮಾಡು. ತಪ್ಪಿ ಹೇಳಿದೆ, ಏನೂ ಇಲ್ಲ ಅಂತ ಹೇಳು. ಇಲ್ಲಾಂದ್ರ ಪೆಟ್ಟಿಗಿ ಬಿಚ್ಚು. ನೀ ಹೋಗೂದ ಬ್ಯಾಡ.”

ಅನ್ನಪೂರ್ಣ ತಂದೆಯನ್ನು ನೇರವಾಗಿ ನೋಡಿದಳು. “ಪೆಟ್ಟಿಗಿ ಬಿಚ್ಚತೀನಿ ಅಪ್ಪಾ. ಇಲ್ಲ ಅಂತ ಮಾತ್ರ ಹೇಳಂಗಿಲ್ಲ.”

ಅವಳು ಹಾಗೆಯೇ ಮಾಡಿದಳು. ಮಡಿಸಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಹೊರತೆಗೆದು ಚಾಪೆಯ ಮೇಲೆ ಇಡತೊಡಗಿದಳು. ಅಳಲಿಲ್ಲ. ಅಮೃತವ್ವ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಂಬಕ್ಕೆ ಒರಗಿ ನಿಂತಳು.

ಇಂಥ ಹೊತ್ತಿನಲ್ಲಿ ರುಹಿ ಬಂದಳು. ರುಹಿ ಲಕ್ಷ್ಮೇಶ್ವರದ ಹುಡುಗಿ, ಧಾರವಾಡದಲ್ಲಿ ಅನ್ನಪೂರ್ಣೆಯ ಸಹಪಾಠಿ. ಅವಳು ಜರ್ಮನಿಗೆ ಒಂದು ವರ್ಷ ಮೊದಲೇ ಹೋಗಿ, ಈಗ ರಜೆಗೆಂದು ಊರಿಗೆ ಬಂದಿದ್ದಳು. ಗೆಳತಿಗೆ ನಾಲ್ಕು ಮಾತು ತಿಳಿಸಿ ಹೋಗಬೇಕೆಂದು ಬಂದವಳು ಚಾಪೆಯನ್ನು ಕಂಡು ಬಾಗಿಲಲ್ಲೇ ನಿಂತಳು.

“ಏನ್ ಕಾಕಾ, ಮಂದಿ ಪೆಟ್ಟಿಗಿ ತುಂಬತಾರ, ನೀವು ಖಾಲಿ ಮಾಡಾಕ ಹಚ್ಚೀರಿ?”

ನಡೆದುದನ್ನು ಅನ್ನಪೂರ್ಣಳೇ ಹೇಳಿದಳು. ಕಳಕಪ್ಪ ಒರಟಾಗಿ ಮಧ್ಯೆ ಬಾಯಿ ಹಾಕಿದ. “ವಿಮಾ ಗಿಮಾ ಎಲ್ಲಾ ಸುಳ್ಳ ಐತಿ ತಂಗಿ. ಬೆಳಿ ವಿಮಾ ಮಾಡಿಸಿದ್ವಿ. ಮಳಿನೂ ಕೈ ಕೊಡ್ತು, ವಿಮಾನೂ ಕೈ ಕೊಡ್ತು. ವೀಸಾದವರು ಕೇಳ್ತಾರ ಅಂತ ಒಂದು ಹಾಳಿ ಬೇಕು, ಅಷ್ಟ. ಅದರಾಗ ಖರೆ ಬರದ್ರೇನು, ಸುಳ್ಳ ಬರದ್ರೇನು?”

“ಹಾಳಿ ಅಂತೀರಿ. ಕಾಕಾ, ಹೋದ ಚಳಿಗಾಲದಾಗ ನನಗ ಕಿಡ್ನ್ಯಾಗ ಹರಳಾಗಿತ್ತು. ನೆಲದ ಮ್ಯಾಲೆ ಉರುಳಾಡಿದೆ. ಆಂಬುಲೆನ್ಸ್ ಬಂತು, ಆಪರೇಷನ್ ಆತು. ಲಕ್ಷ್ಮೇಶ್ವರದಾಗ ನಮ್ಮ ಅಬ್ಬಾಗ ಖಬರ ಮುಟ್ಟೂದ್ರಾಗ ನಾ ಎದ್ದು ಕುಂತಿದ್ದೆ. ನನ್ನ ಕೈಯಾಗ ವಿಮಾದ ಕಾರ್ಡ್ ಒಂದ ಇತ್ತು.”

“ನಿನ್ನ ನಸೀಬ ಛಲೋ ಇತ್ತು.”

“ನಸೀಬ ಅಲ್ಲ. ನಮ್ಮ ವಸತಿಗೃಹದಾಗ ಇನ್ನೊಬ್ಬ ಹುಡುಗ ಇದ್ದ. ಇಂಥಾದ್ದ ಅಗ್ಗದ ಪಾಲಿಸಿ ತಂದಿದ್ದ. ಉಬ್ಬಸ ಇದ್ದದ್ದನ್ನ ಮುಚ್ಚಿಟ್ಟಿದ್ದ. ಅವನೂ ಆಸ್ಪತ್ರಿ ಸೇರಿದ. ಕಂಪನಿಯವರು ಅವನ ಹಳೇ ಚೀಟಿ ಎಲ್ಲಾ ತರಿಸಿ ನೋಡಿದ್ರು. ‘ನೀವು ಸುಳ್ಳ ಹೇಳೀರಿ, ನಮಗ ಸಂಬಂಧ ಇಲ್ಲ’ ಅಂದ್ರು. ಪಾಪ, ಓದು ಅರ್ಧಕ್ಕ ಬಿಟ್ಟು ಊರಿಗೆ ಹೊಳ್ಳಿದ.”

ಕಳಕಪ್ಪನ ದನಿ ಸ್ವಲ್ಪ ಇಳಿಯಿತು. “ಹಂಗಾದ್ರ ಖರೆ ಹೇಳಿದವ್ರನ್ನ ಯಾರು ಒಳಗ ಬಿಟ್ಟಕೋತಾರ? ನೀನ ಹೇಳು.”

“ಅಲ್ಲಿ ಕಾಯ್ದೆ ಪ್ರಕಾರ ನಡಿಯೂ ಸಾರ್ವಜನಿಕ ವಿಮಾ ಬ್ಯಾರೆ ಐತಿ. ಮೂವತ್ತರ ಒಳಗಿನ ವಿದ್ಯಾರ್ಥಿಗೆ ಹಳೇ ಜಡ್ಡು ಐತಿ ಅಂತ ಅವರು ಒಲ್ಲೆ ಅನ್ನಂಗಿಲ್ಲ, ಕಂತೂ ಹೆಚ್ಚು ಮಾಡಂಗಿಲ್ಲ. ಈ ಅಗ್ಗದ್ದಕ್ಕಿಂತ ಕಂತು ಜಾಸ್ತಿ, ಅದು ಖರೆ. ಆದ್ರ ಒಮ್ಮೆ ‘ನನಗ ಖಾಸಗಿದ ಸಾಕು, ಇದು ಬ್ಯಾಡ’ ಅಂತ ಬರಕೊಟ್ರ, ಆ ಓದು ಮುಗಿಯೂತನಕ ತಿರುಗಿ ಸೇರಿಸಿಕೊಳ್ಳಂಗಿಲ್ಲ. ಹುಬ್ಬಳ್ಳಿಯವ ಇದನ್ನ ಹೇಳಿದ್ನೇನು?”

“ಇಲ್ಲ.”

“ಹೇಳಂಗಿಲ್ಲ. ಅವಗ ತನ್ನ ಪಾಲಿಸಿ ಮಾರಬೇಕು. ಇಲ್ಲಿಂದ ಹೋಗಿ ಅಲ್ಲಿ ಹೆಸರು ಹಚ್ಚೂತನಕ ನಡುವಿನ ದಿನಕ್ಕ ಒಂದು ಪ್ರವಾಸದ ವಿಮಾ ಬೇಕು. ಅಷ್ಟ ತಗೋರಿ. ಅದನ್ನೂ ಖರೆ ಹೇಳೇ ತಗೋರಿ. ಹಳೇ ಜಡ್ಡಿಗೆ ಏನು ಸಿಗತೈತಿ, ಏನು ಸಿಗಂಗಿಲ್ಲ ಅಂತ ಬರವಣಿಗಿಯೊಳಗ ಕೇಳ್ರಿ. ಬಾಯಿಮಾತು ನಂಬಬ್ಯಾಡ್ರಿ.”

ಬಳಿಕ ಅವಳು ಅಮೃತವ್ವನ ಕಡೆಗೆ ತಿರುಗಿದಳು. “ಚಿಗವ್ವಾ, ಗುಳಿಗಿ ಕಟ್ಟೀರೇನು? ತರ್ರಿ ನೋಡೂಣು.”

ಅಮೃತವ್ವ ಅಡಿಕೆಪುಡಿಯ ಡಬ್ಬಿಯನ್ನು ತಂದು ಕೊಟ್ಟಳು. ರುಹಿ ಮುಚ್ಚಳ ತೆಗೆದಳು. ಹೆಸರಿಲ್ಲ, ಅವಧಿಯ ತಾರೀಖಿಲ್ಲ. ಬಿಳಿ ಗುಳಿಗೆಗಳ ರಾಶಿ. ಅವಳಿಗೆ ನಗಬೇಕೋ ಹೆದರಬೇಕೋ ತಿಳಿಯಲಿಲ್ಲ.

“ಯವ್ವಾ! ವಿಮಾನ ನಿಲ್ದಾಣದಾಗ ಸುಂಕದವರು ಇದೇನು ಅಂದ್ರ, ರಕ್ತ ಕಡಿಮಿ ಐತಿ ಅಂತ ಹೇಳಬೇಕೇನು ಇಕಿ?”

“ಹಾಳಿ ಸುಟ್ಟೀನವ್ವಾ,” ಎಂದಳು ಅಮೃತವ್ವ ಸಣ್ಣ ದನಿಯಲ್ಲಿ. “ಯಾರರ ಓದ್ಯಾರು ಅಂತ.”

“ಇನ್ನ ಓದಲಿ ಅಂತ ಇಡ್ರಿ. ಹೊಸಾ ಗುಳಿಗಿ ಹಾಳಿ ಸಮೇತ ಒಯ್ಯಬೇಕು, ಮೂರು ತಿಂಗಳದ್ದು ಸಾಕು. ಗದಗಿನ ಡಾಕ್ಟರ್ ಕಡೆ ಇಂಗ್ಲೀಷಿನ್ಯಾಗ ಪತ್ರ ಬರಸ್ರಿ. ಏನ್ ಜಡ್ಡು, ಏನ್ ಗುಳಿಗಿ, ಎಷ್ಟು ಅಂತ. ಕಂಪನಿ ಹೆಸರು ಊರಿಗೊಂದು ಇರತೈತಿ, ಔಷಧದ ಮೂಲ ಹೆಸರ ಬರಸ್ರಿ. ಅಲ್ಲಿ ಡಾಕ್ಟರ್ ಚೀಟಿ ಇಲ್ಲದ ಈ ಗುಳಿಗಿ ಒಂದೂ ಕೊಡಂಗಿಲ್ಲ.”

“ಲೆವೆಟಿರಾಸಿಟಮ್,” ಎಂದು ಅನ್ನಪೂರ್ಣ ಬಿಡಿಸಿ ಹೇಳಿದಳು. ಆ ಮನೆಯೊಳಗೆ ಆ ಹೆಸರನ್ನು ಗಟ್ಟಿ ದನಿಯಲ್ಲಿ ಯಾರೂ ಅದುವರೆಗೆ ಆಡಿರಲಿಲ್ಲ.

“ಲೆವಿ... ಟೀರ... ಹೋಗ ಅತ್ತಾಗ, ನಾಲಿಗಿ ಹೊಳ್ಳವಲ್ದು,” ಎಂದಳು ಅಮೃತವ್ವ. ತಾಯಿ ಮಗಳು ಇಬ್ಬರೂ ನಕ್ಕರು. ಹುಚ್ಚವ್ವ ಮಾತ್ರ ಮುಖ ತಿರುಗಿಸಿಯೇ ಕುಳಿತಿದ್ದಳು.

ಕಳಕಪ್ಪನ ಮನಸ್ಸು ಇನ್ನೂ ಮಣಿದಿರಲಿಲ್ಲ. “ಗುಳಿಗಿಯವರಿಗೆ ಹೇಳ್ರಿ, ವಿಮಾದವರಿಗೆ ಹೇಳ್ರಿ. ಅಲ್ಲಿ ಜೋಡಿ ಇರೂ ಮಂದಿಗೆಲ್ಲಾ ಯಾಕ ಡಂಗುರ ಹೊಡೀಬೇಕು?”

ಅನ್ನಪೂರ್ಣ ಚಾಪೆಯಿಂದ ಎದ್ದು ಬಂದು ತಂದೆಯ ಎದುರಿಗೆ ಕುಳಿತಳು.

“ಅಪ್ಪಾ, ಕಡೀ ಸಲ ನಾ ಹೊಲದಾಗ ಬಿದ್ದೆ. ಬ್ಯಾರೆ ಊರಿಂದ ಕಸ ತಗಿಯಾಕ ಬಂದಿದ್ದ ಹೆಣ್ಣಮಕ್ಕಳು ಏನ್ ಹಿಡಕೊಂಡು ಓಡಿ ಬಂದ್ರು?”

“ಕುಡಗೋಲು. ಕೈಯಾಗ ಕಬ್ಬಿಣ ಹಿಡಸಾಕ. ಒಬ್ಬಾಕಿ ಉಳ್ಳಾಗಡ್ಡಿ ಜಜ್ಜಿದ್ಲು, ಇನ್ನೊಬ್ಬಾಕಿ ಬಾಯಾಗ ನೀರು ಹಾಕಾಕ ಬಂದ್ಲು.”

“ನೀ ಏನ್ ಮಾಡಿದಿ?”

ಕಳಕಪ್ಪ ನೆಲವನ್ನು ನೋಡುತ್ತ ಹೇಳಿದ. “ಎಲ್ಲಾರ್ನೂ ಹಿಂದಕ್ಕ ಸರಿಸಿದೆ. ನಿನ್ನ ಮಗ್ಗಲಕ್ಕ ಹೊಳ್ಳಿಸಿದೆ. ತಲಿ ಕೆಳಗ ನನ್ನ ಟವೆಲ್ ಇಟ್ಟೆ. ಬಾಯಾಗ ಏನೂ ಹಾಕಗೊಡಲಿಲ್ಲ, ಕೈಕಾಲು ಒತ್ತಿ ಹಿಡಿಯಗೊಡಲಿಲ್ಲ. ಐದು ನಿಮಿಷ ದಾಟಿದ್ರ ಆಸ್ಪತ್ರಿಗೆ ಒಯ್ಯಬೇಕಂತ ಡಾಕ್ಟರ್ ಹೇಳಿದ್ರು. ದಾಟಲಿಲ್ಲ.”

“ಡಾಕ್ಟರ್ ಖರೆ ಹೇಳಿದ್ರು, ಅದಕ್ಕ ನೀ ಕಲ್ತಿ. ನೀ ಕಲ್ತಿದ್ದಕ್ಕ ನಾ ಉಳದೆ. ಅಲ್ಲಿ ನೀ ಇರಂಗಿಲ್ಲ ಅಪ್ಪಾ. ನನ್ನ ಖೋಲಿ ಮಗ್ಗಲಿನಾಕಿ ಇರ್ತಾಳ. ಆಕಿಗೆ ನಾ ಹೇಳದಿದ್ರ, ಆಕಿನೂ ಗಾಬರಿಯಾಗಿ ನನ್ನ ಬಾಯಾಗ ಚಮಚಾ ತುರಕತಾಳ. ಮಾನ ಉಳೀತು ಅಂತ ನೀ ಇಲ್ಲಿ ಕುಂಡ್ರತೀಯೇನು?”

ಕಳಕಪ್ಪ ಅಂಗೈಯಿಂದ ಮುಖ ಒರೆಸಿಕೊಂಡ. ಬಳಿಕ ಫೋನನ್ನು ಎತ್ತಿಕೊಂಡು ಅಕ್ಕನ ಕಡೆಗೆ ಕೈ ಚಾಚಿದ.

“ಅಕ್ಕಾ, ಶಿರಹಟ್ಟಿಯವರ ನಂಬರ್ ಕೊಡು.”

“ಯಾಕೋ ತಮ್ಮಾ?”

“ಕೊಡು ಅಂದೆ.”

ಅತ್ತ ಕಡೆಯಿಂದ ಹುಡುಗನ ತಂದೆ ಮಾತನಾಡಿದ. ಕಳಕಪ್ಪ ಕ್ಷೇಮಸಮಾಚಾರವನ್ನೂ ಕೇಳಲಿಲ್ಲ. “ನಮ್ಮ ಹುಡುಗಿಗೆ ಮೂರ್ಛಿ ರೋಗ ಐತ್ರಿ. ಗುಳಿಗಿ ತಗೋತಾಳ, ಆರಾಮ ಅದಾಳ, ಓದಾಕ ಹೊಂಟಾಳ. ಮಾತುಕತಿ ಆಕಿ ಓದು ಮುಗಿಸಿ ಬಂದಮ್ಯಾಲೆ, ಅದೂ ಆಕಿ ಹೂಂ ಅಂದ್ರ. ಇಷ್ಟು ತಿಳದಮ್ಯಾಲೂ ಬರೂ ಮನಸಿದ್ರ ಆಗ ಬರ್ರಿ.”

ವಿಚಾರ ಮಾಡಿ ಹೇಳುತ್ತೇವೆಂದು ಅವರು ಫೋನಿಟ್ಟರು, ಮತ್ತೆಂದೂ ಹೇಳಲಿಲ್ಲ. ಹುಚ್ಚವ್ವ ಹಣೆ ಬಡಿದುಕೊಂಡಳು. “ಹೋತು! ಇಂಥಾ ಮನಿತನ ಕೈ ಬಿಟ್ಟು ಹೋತು!”

“ಹೋಗ್ಲಿ ಬಿಡಕ್ಕಾ. ಹೇಳಿದ್ದಕ್ಕ ಹೋಗೋರು, ಆಕಿ ಬಿದ್ದಾಗ ನಿಲ್ತಿದ್ರೇನು?” ಎಂದ ಕಳಕಪ್ಪ. ಆಮೇಲೆ ಹುಬ್ಬಳ್ಳಿಯ ಏಜೆಂಟನಿಗೆ ಫೋನು ಮಾಡಿ, ಸುಳ್ಳಿನ ಪಾಲಿಸಿ ತನಗೆ ಬೇಡವೆಂದು ಓಣಿಗೆಲ್ಲ ಕೇಳುವಂತೆ ಹೇಳಿದ. ಚಾಪೆಯ ಮೇಲಿನ ಬಟ್ಟೆಗಳನ್ನು ಪೆಟ್ಟಿಗೆಗೆ ತುಂಬಲು ಅವನೇ ಕುಳಿತ. ಮಡಿಕೆ ಒಂದೂ ನೆಟ್ಟಗಿರಲಿಲ್ಲ.

ಆ ಸಂಜೆ, ರೊಟ್ಟಿ ಬಡಿಯಲು ಬಂದಿದ್ದ ಹನಮಂತವ್ವ ಹಿತ್ತಲ ಬಾಗಿಲಿನಿಂದ ಬಂದು ಅಮೃತವ್ವನ ಕೈ ಹಿಡಿದಳು. “ನಮ್ಮ ಸಣ್ಣ ಸೊಸಿಗೂ ಅದ ಐತವ್ವಾ. ಮೈಯಾಗ ಗಾಳಿ ಸೇರೈತಿ ಅಂತ ತಾಯತಾ ಕಟ್ಟಿಸೀವಿ. ನಿಮ್ಮ ಹುಡುಗಿಗೆ ಗುಳಿಗಿ ಕೊಟ್ಟ ಡಾಕ್ಟರ್ ಯಾರು?” ಅಮೃತವ್ವ ಅತ್ತಿತ್ತ ನೋಡಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. ವೈದ್ಯರ ಹೆಸರನ್ನೂ, ಅವರು ಕುಳಿತುಕೊಳ್ಳುವ ದಿನಗಳನ್ನೂ ಹೇಳಿ, “ಹೋಗೂದಿದ್ರ ನಾನೂ ಜೋಡಿ ಬರ್ತೀನಿ” ಎಂದಳು.

ಅನ್ನಪೂರ್ಣ ಹೋದಳು. ಅಲ್ಲಿಯ ಸಾರ್ವಜನಿಕ ವಿಮೆಗೆ ಹೆಸರು ಹಚ್ಚಿದಳು. ವೈದ್ಯರೊಬ್ಬರನ್ನು ಕಂಡು ಪತ್ರ ತೋರಿಸಿದಳು. ಪಕ್ಕದ ಕೋಣೆಯ ಹುಡುಗಿಗೆ, ತಾನು ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮೊದಲ ವಾರದಲ್ಲಿಯೇ ಹೇಳಿಕೊಟ್ಟಳು. ಈಗ ಓದುತ್ತಿದ್ದಾಳೆ.

ಗದಗ-ಬೆಟಗೇರಿಯ, ಲಕ್ಷ್ಮೇಶ್ವರದ, ಶಿರಹಟ್ಟಿಯ, ಮುಂಡರಗಿಯ ತಾಯಿತಂದೆಗಳೇ, ನಿಮ್ಮ ಮಗನೋ ಮಗಳೋ ಹೊರದೇಶಕ್ಕೆ ಓದಲು ಹೊರಟಿದ್ದರೆ, ಟಿಕೆಟ್ಟಿಗಿಂತ ಮೊದಲು ಆರೋಗ್ಯ ವಿಮೆಯ ವಿಚಾರ ಮಾಡಿರಿ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಆದುದರಿಂದ ಏಜೆಂಟರನ್ನು ಕೇಳುವ ಮುನ್ನ ಆ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನೇ ಕೇಳಿರಿ. ಹಳೆಯ ಕಾಯಿಲೆಯಿದ್ದರೆ ಇದೆ ಎಂದೇ ಹೇಳಿರಿ. ಗುಳಿಗೆಯನ್ನು ಅದರ ಹಾಳೆಯೊಂದಿಗೆ, ವೈದ್ಯರ ಪತ್ರದೊಂದಿಗೆ ಕಳುಹಿಸಿರಿ. ಆ ದೇಶದ ತುರ್ತು ಕರೆಯ ಸಂಖ್ಯೆಯನ್ನು ಮಕ್ಕಳು ಇಲ್ಲಿಂದಲೇ ಬಾಯಿಪಾಠ ಮಾಡಿಕೊಂಡು ಹೋಗಲಿ.

ಕಾಯಿಲೆ ಬಂದದ್ದು ಮಕ್ಕಳ ತಪ್ಪಲ್ಲ. ನಿಮ್ಮ ತಪ್ಪೂ ಅಲ್ಲ. ನಾಚಿಕೆಪಡಬೇಕಾದವರು ಬೇರೆ ಇದ್ದಾರೆ. ‘ಇಲ್ಲ ಎಂದು ಬರೆಸಿ’ ಎಂದು ನಿಮ್ಮ ಅಂಗಳಕ್ಕೆ ಬಂದು ಹೇಳುವವರಿಗೆ, ಅವರು ಏಜೆಂಟರಿರಲಿ, ಬಂಧುಗಳಿರಲಿ, ಬಾಗಿಲು ಎಲ್ಲಿದೆಯೆಂದು ತೋರಿಸಿರಿ.