ಒಂದು ಹಲಗೆ ಬಾಕಿ

ಆ ಹೆಸರನ್ನು ಅಲ್ಲಿ ಹಾಕಿದವಳು ನವ್ಯಾಳೇ. ಅಷ್ಟರ ಮಟ್ಟಿಗೆ ಯಾವ ನಿಗೂಢವೂ ಇಲ್ಲ.

ಅವಳು ಕೊಚ್ಚಿಯ ಕಾಕ್ಕನಾಡಿನಲ್ಲಿ ಮೊಬೈಲ್ ಆಟಗಳನ್ನು ಪರೀಕ್ಷಿಸುವ ಸಣ್ಣ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಆಟವನ್ನು ಸಾವಿರ ಸಲ ಆಡಿ, ಎಲ್ಲಿ ಕೆಡುತ್ತದೆ ಎಂದು ಬರೆದು ಕಳಿಸುವುದು ಅವಳ ಕೆಲಸ. 2007ರ ಆಗಸ್ಟ್‌ನಲ್ಲಿ ಉತ್ತರ ಯುರೋಪಿನಿಂದ ಒಂದು ಆಟ ಬಂತು. ಇಪ್ಪತ್ತು ವರ್ಷ ಹಿಂದಿನ ಆಟಗಳಂತೆ ಕಾಣಲೆಂದು ಅದನ್ನು ಬೇಕೆಂದೇ ದಪ್ಪ ದಪ್ಪ ಚೌಕಗಳಲ್ಲಿ ಬಿಡಿಸಿದ್ದರು. ನಾಯಕನ ಹೆಸರು ಸ್ಕೆಗ್ಗಿ. ಯುದ್ಧದಲ್ಲಿ ಸಾಯಬೇಕಾಗಿದ್ದ ಈ ವೈಕಿಂಗ್ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ಸಾಯುತ್ತಾನೆ. ಹಾಗಾಗಿ ಅವನಿಗೆ ಓಡಿನ್ ದೇವರ ವೀರಸಭೆಗೆ ಪ್ರವೇಶವಿಲ್ಲ. ಹೆಲ್ ಎಂಬ ರಾಣಿ ಆಳುವ, ಸಾಧಾರಣ ಸತ್ತವರ ಚಳಿನಾಡೇ ಗತಿ. ಅಲ್ಲಿಂದ ವರ್ಗಾವಣೆ ಕೇಳಿ ಅರ್ಜಿ ಹಿಡಿದು ಅಲೆಯುವುದು ಆಟ. ಪ್ರತಿ ಅಧ್ಯಾಯಕ್ಕೂ ಒಂದು ಒಗಟು.

ಐದನೆಯ ಅಧ್ಯಾಯ ಹಡಗು ಕಟ್ಟುವ ಜಾಗದಲ್ಲಿ ನಡೆಯುತ್ತದೆ. ನಾರ್ಸ್ ಪುರಾಣದಲ್ಲಿ ನಾಗ್ಲ್‌ಫಾರ್ ಎಂಬ ಹಡಗಿದೆ. ಉಗುರು ಕತ್ತರಿಸದೆ ಸತ್ತವರ ಉಗುರುಗಳೇ ಅದರ ಹಲಗೆಗಳು. ಕಟ್ಟಿ ಮುಗಿದ ದಿನ ಅದು ಸತ್ತವರನ್ನು ಹೊತ್ತು ಹೊರಡುತ್ತದೆ, ಲೋಕದ ಕೊನೆಯಾಗುತ್ತದೆ. ಹಡಗಿಗೆ ಹಲಗೆ ಸಿಗದಂತೆ ಮಾಡಲು ಆಟದಲ್ಲಿ ಸ್ಕೆಗ್ಗಿ ದೊಡ್ಡ ಕತ್ತರಿ ಹೊತ್ತು ಸಾಯಲಿರುವವರ ಮನೆಗಳಿಗೆ ನುಗ್ಗಬೇಕು, ನಾಯಿಯಿಂದ ತಪ್ಪಿಸಿಕೊಂಡು ಉಗುರು ಕತ್ತರಿಸಿ ಓಡಿಬರಬೇಕು. ಇತ್ತ ಹಡಗಿನ ಪಕ್ಕದಲ್ಲಿ ಸುತ್ತಿಗೆ ಹಿಡಿದ ಕುಳ್ಳ ಮೇಸ್ತ್ರಿ ನಿಂತಿರುತ್ತಾನೆ. ಅವನ ಹಿಂದಿನ ಬೋರ್ಡಿನಲ್ಲಿ ಉಗುರು ಬರಬೇಕಾದವರ ಹೆಸರು, ಹೆಸರಿನ ಮುಂದೆ ಉಗುರುಗಳ ಸಂಖ್ಯೆ.

ದಕ್ಷಿಣ ಭಾರತದ ಹೆಸರುಗಳು ಯುರೋಪಿನವರು ಬಿಟ್ಟ ಜಾಗದಲ್ಲಿ ಹಿಡಿಸುವುದಿಲ್ಲ ಎಂಬುದು ಪರೀಕ್ಷಕರಿಗೆಲ್ಲ ಗೊತ್ತು. ಆದ್ದರಿಂದ ಹೆಸರಿನ ಜಾಗ ಕಂಡಲ್ಲೆಲ್ಲ ಮನೆಯವರ ಉದ್ದನೆಯ ಹೆಸರು ತುಂಬಿ ನೋಡುವುದು ಆಫೀಸಿನ ರೂಢಿ. ತಂಡದ ಮುಖ್ಯಸ್ಥ ಜೋಸೆಫ್ ತನ್ನ ಅಜ್ಜನ ಹೆಸರು ಹಾಕುತ್ತಿದ್ದ. ನವ್ಯಾ ತನ್ನನ್ನು ಸಾಕಿದ ದೊಡ್ಡಮ್ಮನ ಹೆಸರನ್ನು ಇನೀಶಿಯಲ್ ಸಹಿತ ಹಾಕಿದಳು: ಕೆ. ಪರಮೇಶ್ವರಿ. ಅದು ಸಾಯಲಿರುವವರ ಪಟ್ಟಿ ಎಂಬುದು ಆ ಕ್ಷಣ ಅವಳ ತಲೆಗೆ ಹೊಳೆಯಲಿಲ್ಲ. ಅಕ್ಷರಗಳು ಬೋರ್ಡಿನ ಅಂಚು ದಾಟಲಿಲ್ಲ. ಅದನ್ನು ಬರೆದುಕೊಂಡು ಮುಂದಕ್ಕೆ ಹೋದಳು.

ಪರಮೇಶ್ವರಿ ಕಾಸರಗೋಡಿನ ಕಡೆಯವರು. ತಿರುವನಂತಪುರದ ಸೆಕ್ರೆಟೇರಿಯೆಟ್‌ನಲ್ಲಿ ಕಾನೂನುಗಳನ್ನು ಕನ್ನಡಕ್ಕೆ ಅನುವಾದಿಸುವ ಹುದ್ದೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಚಾಲೈ ಪೇಟೆಯ ಹಿಂದಿನ ಓಣಿಯಲ್ಲಿ ಬಾಡಿಗೆಮನೆ. ಆ ವರ್ಷದ ಜುಲೈಯಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಮುಷ್ಟಿಯಾಗಿ ಬಿಗಿದುಕೊಂಡಿತು. ಮಾತು ನಿಧಾನವಾಯಿತು, ಆದರೆ ಕೆಡಲಿಲ್ಲ. ನೋಡಿಕೊಳ್ಳಲು ಜುಬೈದಾ ಎಂಬ ಹೋಂ ನರ್ಸ್ ಮನೆಯಲ್ಲೇ ಇದ್ದಳು. ನವ್ಯಾ ಕೊಚ್ಚಿಯ ತ್ರಿಪ್ಪೂಣಿತ್ತುರದ ಹಾಸ್ಟೆಲಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ಸಂಜೆ ಮರಳುತ್ತಿದ್ದಳು.

ತೊಡಕು ಇದ್ದದ್ದು ಇಲ್ಲಿ. ಉಗುರು ತೆಗೆಯುವುದಕ್ಕೆ ದೊಡ್ಡಮ್ಮನಲ್ಲಿ ಕಾಯ್ದೆಯಂಥ ನಿಯಮಗಳಿದ್ದವು. ಭಾನುವಾರ ತೆಗೆದರೆ ಆಯುಷ್ಯದಲ್ಲಿ ಒಂದು ತಿಂಗಳು ಕಡಿಮೆ, ಶನಿವಾರ ಏಳು, ಮಂಗಳವಾರ ಎಂಟು. ಶುಕ್ರವಾರ ಹೆಂಗಸರಿಗೆ ಸಲ್ಲದು. ಮನೆಯೊಳಗೆ ಕೂಡದು, ಸೂರ್ಯ ಮುಳುಗಿದ ಮೇಲೆ ಕೂಡದು. ಕೈಲಾಗದವರ ಉಗುರನ್ನು ಸ್ವಂತದವರೇ ತೆಗೆಯಬೇಕು. ಜುಬೈದಾ ಊಟ ಮಾಡಿಸಬಹುದು, ಸ್ನಾನ ಮಾಡಿಸಬಹುದು. ಕತ್ತರಿ ತಂದಳೋ, ದೊಡ್ಡಮ್ಮ ಸರಿಯಿದ್ದ ಎಡಗೈಯನ್ನೂ ಮುಷ್ಟಿ ಮಾಡುತ್ತಿದ್ದರು. ಸ್ವಂತದವಳು ನವ್ಯಾ ಒಬ್ಬಳೇ, ಅವಳು ಬರುತ್ತಿದ್ದದ್ದು ಶನಿವಾರ, ಭಾನುವಾರ ಮಾತ್ರ. ಹೀಗೆ ನಾಲ್ಕು ತಿಂಗಳು ಉಗುರು ಬೆಳೆಯಿತು.

ವಾರಾಂತ್ಯಗಳಲ್ಲಿ ನವ್ಯಾ ಆಟವನ್ನು ದೊಡ್ಡಮ್ಮನಿಗೆ ತೋರಿಸುತ್ತಿದ್ದಳು. ಹಡಗಿನ ಕತೆಯನ್ನೂ ಹೇಳಿದ್ದಳು. ದೊಡ್ಡಮ್ಮ ಅರ್ಧ ಮುಖದಲ್ಲಿ ನಗುತ್ತಿದ್ದರು. ಸ್ಕೆಗ್ಗಿಯ ಅರ್ಜಿಯನ್ನು ರಾಣಿ ಮೂರನೇ ಸಲ ಮರಳಿಸಿದಾಗ ಹೇಳಿದರು: "ಸ್ವೀಕೃತಿ ಕೊಡದೆ ಅರ್ಜಿ ತಕ್ಕೊಂಡದ್ದೇ ತಪ್ಪು. ಆ ಹೆಂಗಸಿಗೆ ಆಫೀಸಿನ ಕೆಲಸ ಎಂತ ಗೊತ್ತಿಲ್ಲ."

ಅಕ್ಟೋಬರ್ ಕೊನೆಯಲ್ಲಿ ನವ್ಯಾ ಎರಡು ಸಂಗತಿಗಳನ್ನು ಗಮನಿಸಿದಳು. ಬೋರ್ಡಿನಲ್ಲಿದ್ದ ಬೇರೆ ಹೆಸರುಗಳು ಹೋಗಿದ್ದವು, 'ಕೆ. ಪರಮೇಶ್ವರಿ, 10' ಎಂಬ ಸಾಲು ಮಾತ್ರ ಉಳಿದಿತ್ತು. ಮೇಸ್ತ್ರಿಯ ಮಾತೂ ಬದಲಾಗಿತ್ತು. ಯುರೋಪಿನವರು ಕೊಟ್ಟ ಸಂಭಾಷಣೆಯ ಪಟ್ಟಿಯಲ್ಲಿ ಅವನಿಗಿದ್ದದ್ದು 'ಒಂದು ಹಲಗೆ ಬಾಕಿ' ಎಂಬುದಷ್ಟೇ. ಈಗ ಅದರ ಮುಂದೆ 'ದಾರಿಯಲ್ಲಿದೆ' ಎಂಬ ಇನ್ನೊಂದು ಮಾತು ಬರುತ್ತಿತ್ತು. ಅವಳು ಹೆಸರು ಅಳಿಸಿದಳು. ಆಟ ಮತ್ತೆ ತೆರೆದಾಗ ಹೆಸರು ಅಲ್ಲೇ ಇತ್ತು. ದೋಷವೆಂದು ಬರೆದು ಕಳಿಸಿದಳು. ಹೆಸರಿನ ಪಟ್ಟಿಯನ್ನೇ ತೆಗೆದ ಹೊಸ ಪ್ರತಿ ಬಂತು. ಅದರಲ್ಲೂ ಇತ್ತು. ನಿಮ್ಮ ಫೋನಿನಲ್ಲಿ ಹಳೆಯದೇನೋ ಉಳಿದಿರಬೇಕು ಎಂದು ಅಲ್ಲಿಯವರು ಉತ್ತರ ಬರೆದರು. ಅದು ಸಾಧ್ಯವಿತ್ತು. ನವ್ಯಾ ಹಾಗೆಂದೇ ನಂಬಿದಳು.

ನವೆಂಬರ್ 12, ಸೋಮವಾರ ಬೆಳಿಗ್ಗೆ ಬೋರ್ಡಿನಲ್ಲಿ 10 ಇದ್ದದ್ದು 9 ಆಗಿತ್ತು.

ಅವಳು ತಿರುವನಂತಪುರಕ್ಕೆ ಫೋನ್ ಮಾಡಿದಳು. ಪ್ರಶ್ನೆಯಲ್ಲೇ ಉತ್ತರ ಸೇರಿಹೋಗದಂತೆ ಎಚ್ಚರವಹಿಸಿ, ಇವತ್ತು ಏನಾದರೂ ವಿಶೇಷವಿದೆಯೇ ಎಂದಷ್ಟೇ ಕೇಳಿದಳು. ಜುಬೈದಾ ಮಲಯಾಳದಲ್ಲಿ ಎರಡು ವಿಷಯ ಹೇಳಿದಳು. ಬೆಳಿಗ್ಗೆ ಹೊದಿಕೆಗೆ ಸಿಕ್ಕಿ ಅಮ್ಮನ ಎಡಗೈ ಹೆಬ್ಬೆರಳಿನ ಉಗುರು ಬುಡದವರೆಗೆ ಮುರಿದಿದೆ, ಅದೇನೂ ದೊಡ್ಡದಲ್ಲ. ಆದರೆ ಬಲಗೈಯ ಉಗುರುಗಳು ಅಂಗೈಗೆ ನಾಟಿ ಗಾಯ ಕೀವಾಗಿದೆ, ಜ್ವರ ನೂರಾಮೂರು. ಡಾಕ್ಟರ್ ಬಂದು ಮದ್ದು ಕೊಟ್ಟಿದ್ದಾರೆ; ಉಗುರು ತೆಗೆಯದೆ ಗಾಯ ಮಾಯುವುದಿಲ್ಲ, ನಂಜು ರಕ್ತಕ್ಕೆ ಹೋದರೆ ಈ ವಯಸ್ಸಿನಲ್ಲಿ ಕಷ್ಟ ಎಂದಿದ್ದಾರೆ.

"ಬೇಗ ಬಾ ಮಗಳೇ," ಎಂದಳು ಜುಬೈದಾ. "ನಿನ್ನ ಕೈಗೆ ಮಾತ್ರ ಕೊಡ್ತಾರಂತೆ."

ಅಂದೇ ಹೊರಡಲು ಜೋಸೆಫ್ ಬಿಡಲಿಲ್ಲ. ಮಂಗಳವಾರ ಹೋಗಿ ಪ್ರಯೋಜನವಿರಲಿಲ್ಲ. ಬುಧವಾರ ಆಗಬಹುದು. ಆದರೆ ಆಟದ ಅಂತಿಮ ಪ್ರತಿ ಹೊರಡಬೇಕಾದದ್ದು ಅದೇ ಬುಧವಾರ. ಮಧ್ಯಾಹ್ನದೊಳಗೆ ವರದಿ ಮುಗಿಸಿ, ಪರೀಕ್ಷೆಯ ಫೋನನ್ನು ಜೊತೆಗೊಯ್ದು ಐದನೆಯ ಅಧ್ಯಾಯವನ್ನು ಅಲ್ಲಿಂದ ನೋಡುವುದಾದರೆ ರಜೆ ಕೊಡುತ್ತೇನೆ ಎಂದ ಜೋಸೆಫ್. ಅವಳು ಒಪ್ಪಿದಳು. ಬುಧವಾರ ಹನ್ನೆರಡೂವರೆಗೆ ರೈಲು ಹತ್ತಿದಳು. ಜುಬೈದಾಗೆ ಫೋನ್ ಮಾಡಿ, ನಾಲ್ಕು ಗಂಟೆಯಿಂದಲೇ ದೊಡ್ಡಮ್ಮನ ಬಲಗೈಯನ್ನು ಬಿಸಿನೀರಿನಲ್ಲಿ ಇಳಿಬಿಡಲು ಹೇಳಿದಳು.

ರೈಲಿನಲ್ಲಿ ಒಂದು ಸಲ ಆಟ ತೆರೆದಳು. ಮೇಸ್ತ್ರಿ ಸಾಮಾನ್ಯವಾಗಿ ಹಡಗಿನ ಕಡೆ ಮುಖ ಮಾಡಿ ಸುತ್ತಿಗೆ ಬಡಿಯುತ್ತಿರುತ್ತಾನೆ. ಈಗ ಅವನು ಇತ್ತ ತಿರುಗಿದ್ದ. ಅವನ ಮುಖ ಎಂಟು ಚೌಕಗಳಷ್ಟೇ. ಅದರಲ್ಲಿ ಎರಡು ಕಣ್ಣು. ಈ ಚಿತ್ರ ಆಟದಲ್ಲಿ ಎಲ್ಲೂ ಇರಲಿಲ್ಲ. ಅವಳು ಪಟ್ಟಿಯಲ್ಲಿದ್ದ ಎಲ್ಲ ಚಿತ್ರಗಳನ್ನೂ ನೋಡಿದವಳು.

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದಾಗ ಐದು ಗಂಟೆ ಹತ್ತು ನಿಮಿಷ. ಚಾಲೈಯ ಅಂಗಡಿಯಲ್ಲಿ ದಪ್ಪ ಉಗುರಿಗಾಗುವ ಕತ್ತರಿ ಕೊಂಡಳು. ಮನೆ ಮುಟ್ಟಿದಾಗ ಜುಬೈದಾ ದೊಡ್ಡಮ್ಮನನ್ನು ಆಗಲೇ ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದಳು. ದೊಡ್ಡಮ್ಮನ ಮುಖ ಜ್ವರಕ್ಕೆ ಕೆಂಪಾಗಿತ್ತು. ಮಡಿಲಲ್ಲಿ ಪಂಚಾಂಗವಿತ್ತು. ಎಷ್ಟು ವರ್ಷ ಇಲ್ಲಿದ್ದರೂ ಅವರು ಇಲ್ಲಿಯ ಪಂಚಾಂಗ ಇಟ್ಟವರಲ್ಲ. ಪ್ರತಿ ವರ್ಷ ಊರಿನಿಂದ ತರಿಸುತ್ತಿದ್ದರು.

"ಇವತ್ತು ಬುಧವಾರ," ಎಂದಳು ನವ್ಯಾ.

"ಗೊತ್ತುಂಟು. ಬುಧವಾರಕ್ಕೆ ಐದು ತಿಂಗಳು ಸೇರ್ತದೆ. ಬೇಗ ಮಾಡು ಮಾರಾಯ್ತಿ."

ಎಡಗೈಯ ನಾಲ್ಕು ಉಗುರುಗಳು ಹತ್ತು ನಿಮಿಷದಲ್ಲಿ ಮುಗಿದವು. ಬಲಗೈಯದು ಹಾಗಲ್ಲ. ಜುಬೈದಾ ಮಣಿಕಟ್ಟನ್ನು ಒಳಕ್ಕೆ ಬಾಗಿಸಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅಂಗೈಯಿಂದ ಕೊಳೆತ ವಾಸನೆ ಬಂತು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳು. ಕಿರುಬೆರಳು ಮಾತ್ರ ಏಳಲಿಲ್ಲ; ಅದರ ಉಗುರೇ ಗಾಯದೊಳಗೆ ಹೋಗಿತ್ತು. ಅಷ್ಟು ಹೊತ್ತಿಗೆ ಅಂಗಳದ ಬೆಳಕು ಬಣ್ಣ ಬದಲಿಸಿತ್ತು. ಪಕ್ಕದ ಮನೆಯವರು ದೀಪ ಹಚ್ಚಿ ಹೊರಗೆ ತಂದಿಟ್ಟರು.

ನವ್ಯಾಳ ಕೈ ನಿಂತಿತು. ದೊಡ್ಡಮ್ಮ ಗಂಟೆ ಎಷ್ಟು ಎಂದು ಕೇಳಿದರು. ಸರಿಯಾಗಿ ಆರು ಎಂದಳು ಜುಬೈದಾ.

"ಪಂಚಾಂಗದಲ್ಲಿ ಅಸ್ತ ಆರು ಗಂಟೆ ಒಂದು ನಿಮಿಷಕ್ಕೆ," ಎಂದರು ದೊಡ್ಡಮ್ಮ. "ಒಂದು ನಿಮಿಷ ಉಂಟು. ತೆಗಿ."

ನವ್ಯಾ ಬೆರಳನ್ನು ಎತ್ತಿ ಕತ್ತರಿಸಿದಳು. ದೊಡ್ಡಮ್ಮ ಕೂಗಲಿಲ್ಲ, ಕೈಯನ್ನು ಥಟ್ಟನೆ ಎದೆಗೆ ಎಳೆದುಕೊಂಡರು. ಜುಬೈದಾ ಒಳಗೆ ಕರೆದೊಯ್ದು ಗಾಯ ತೊಳೆದು ಮದ್ದು ಹಚ್ಚಿದಳು. ನವ್ಯಾ ಕತ್ತರಿಸಿದ ಉಗುರುಗಳನ್ನು ಕಾಗದದಲ್ಲಿ ಕೂಡಿಸಿ ಎಣಿಸಿದಳು. ಎಂಟು ಇದ್ದವು. ಒಂಬತ್ತನೆಯದು ಮಬ್ಬಿನಲ್ಲಿ ಎಲ್ಲೋ ಹಾರಿರಬೇಕು ಎಂದುಕೊಂಡು, ಇದ್ದಷ್ಟನ್ನು ತೆಂಗಿನ ಬುಡದಲ್ಲಿ ಹೂತಳು. ಆ ಸಂಜೆ ಅವಳು ಆಟ ತೆರೆಯಲಿಲ್ಲ. ಸುಸ್ತಾಗಿ ದೊಡ್ಡಮ್ಮನ ಕೋಣೆಯಲ್ಲೇ ಮಲಗಿದಳು.

ಗುರುವಾರ ಬೆಳಿಗ್ಗೆ ಮಲಯಾಳದ ಪತ್ರಿಕೆ ಬಂತು. ಹವಾಮಾನದ ಅಂಕಣದ ಕೆಳಗೆ ಉದಯಾಸ್ತಗಳ ಸಮಯವಿತ್ತು. ತಿರುವನಂತಪುರದಲ್ಲಿ ಸೂರ್ಯಾಸ್ತ 5.59. ನವ್ಯಾ ಹಿಂದಿನ ದಿನದ ಪತ್ರಿಕೆ ಹುಡುಕಿ ನೋಡಿದಳು. ಅದರಲ್ಲೂ 5.59. ಊರಿನ ಪಂಚಾಂಗದ ಸಮಯ ಊರಿನ ಸೂರ್ಯನದು. ಊರಿನಲ್ಲಿ ಬಿಸಿಲಿನ್ನೂ ಇದ್ದ ಆ ನಿಮಿಷದಲ್ಲಿ ಇಲ್ಲಿಯ ಸೂರ್ಯ ಮುಳುಗಿ ಆಗಿತ್ತು. ಕೊನೆಯ ಉಗುರನ್ನು ಕತ್ತರಿಸಿದ್ದು ಕತ್ತಲೆಯ ಲೆಕ್ಕಕ್ಕೆ.

ಅವಳು ಫೋನ್ ತೆಗೆದು ಆಟ ತೆರೆದಳು. ಕೆ. ಪರಮೇಶ್ವರಿ, 1.

ಹಡಗಿಗೆ ಬೇಕಾದದ್ದೂ ಒಂದೇ.

ಅವಳು ಕೋಣೆಗೆ ಓಡಿದಳು. ದೊಡ್ಡಮ್ಮ ದಿಂಬಿಗೊರಗಿ ಕೂತಿದ್ದರು. ಜುಬೈದಾ ಆಗಷ್ಟೇ ಜ್ವರ ನೋಡಿ ತೊಂಬತ್ತೊಂಬತ್ತು ಎಂದಳು. ಬಲಗೈ ಮತ್ತೆ ಮುಷ್ಟಿಯಾಗಿತ್ತು. ರಾತ್ರಿ ಬಿಡಿಸಲು ಹೋದರೆ ಬಿಡಲಿಲ್ಲ, ಬಟ್ಟೆ ಇಡುವುದಕ್ಕೂ ಕೊಡಲಿಲ್ಲ ಎಂದು ಜುಬೈದಾ ದೂರಿದಳು. ನವ್ಯಾ ಸಮಯದ ವಿಷಯ ಹೇಳಲು ಬಾಯಿ ತೆರೆದಳು.

"ಐದು ಐವತ್ತೊಂಬತ್ತು," ಎಂದರು ದೊಡ್ಡಮ್ಮ. "ಮೂವತ್ತೈದು ವರ್ಷದಿಂದ ಇಲ್ಲಿದ್ದೇನೆ, ಅಷ್ಟು ಗೊತ್ತಿಲ್ವಾ ನಂಗೆ? ಹಾಗೆ ಹೇಳದಿದ್ರೆ ನೀನು ಕತ್ತರಿ ಕೆಳಗಿಡ್ತಿದ್ದೆ. ಗಾಯ ನನ್ನದಲ್ವಾ."

ಎಡಗೈಯಿಂದ ಬಲಗೈಯ ಬೆರಳುಗಳನ್ನು ಸ್ವಲ್ಪವೇ ಸರಿಸಿ ತೋರಿಸಿದರು. ಅಂಗೈಯ ಮದ್ದಿನ ಮೇಲೆ ಕಿರುಬೆರಳಿನ ಉಗುರು ಅಂಟಿತ್ತು; ಹಳದಿ, ಬಾಗಿದ, ದೋಣಿಯ ಆಕಾರದ ಚೂರು. ಮತ್ತೆ ಮುಚ್ಚಿದರು. ನಿನ್ನೆ ಗಾಯ ತೊಳೆಯುವಾಗ ಅದನ್ನು ಎಡಗೈಯಲ್ಲಿ ಅಡಗಿಸಿಟ್ಟಿದ್ದರಂತೆ.

"ನೀನು ಕಳೆದ ವಾರ ಮಧ್ಯಾಹ್ನ ಮಲಗಿದ್ದಾಗ ಆ ಫೋನ್ ನೋಡಿದೆ. ಬೋರ್ಡಿನಲ್ಲಿ ನನ್ನ ಹೆಸರು ಉಂಟು. ಇನೀಶಿಯಲ್ ಕೂಡ ಸರಿ ಹಾಕಿದ್ದಿ."

ನವ್ಯಾ ತಪ್ಪಾಯಿತು ಎಂದಳು.

"ಆಯ್ತು ಬಿಡು. ಇದು ಹೊತ್ತಲ್ಲದ ಹೊತ್ತಲ್ಲಿ ತೆಗೆದದ್ದು, ಆ ಹಡಗಿನವರ ಪಾಲಿಗೆ ಸೇರ್ತದೆ. ಆದ್ರೆ ಫೈಲು ನನ್ನ ಕೈಯಲ್ಲಿರುವ ತನಕ ಆದೇಶ ಹೊರಡ್ಲಿಕ್ಕಿಲ್ಲ. ಎಷ್ಟು ಮಂತ್ರಿಗಳು ಬಂದು ಹೋದ್ರು, ನಾನು ಕೊಡದ ಫೈಲನ್ನು ಒಬ್ಬರೂ ಕೊಂಡುಹೋಗಿಲ್ಲ."

ಮುಷ್ಟಿ ಹಾಗೇ ಇದ್ದರೆ ಗಾಯ ಮಾಯುವುದು ಹೇಗೆ ಎಂದು ಜುಬೈದಾ ಗೊಣಗಿದಳು. ಕೊನೆಗೆ ಒಪ್ಪಂದವಾಯಿತು. ದಿನಕ್ಕೆರಡು ಸಲ ಬೆರಳು ಬಿಡಿಸಿ ತೊಳೆಯಬಹುದು. ಅಷ್ಟು ಹೊತ್ತು ಉಗುರಿನ ಚೂರು ದೊಡ್ಡಮ್ಮನ ಎಡಗೈಯಲ್ಲಿರಬೇಕು.

ಹತ್ತು ಗಂಟೆಗೆ ಜೋಸೆಫ್ ಫೋನ್ ಮಾಡಿದ. ಅಂತಿಮ ಪ್ರತಿ ಯುರೋಪ್ ಮುಟ್ಟಿದೆ, ಆದರೆ ಅಲ್ಲಿಯ ಎಲ್ಲ ಫೋನುಗಳಲ್ಲೂ ಐದನೆಯ ಅಧ್ಯಾಯ ಸಿಕ್ಕಿಹಾಕಿಕೊಂಡಿದೆಯಂತೆ. ಸ್ಕೆಗ್ಗಿ ಏನು ಮಾಡಿದರೂ ಹಡಗು ಮುಗಿಯುವುದೂ ಇಲ್ಲ, ಒಡೆಯುವುದೂ ಇಲ್ಲ. ಮೇಸ್ತ್ರಿ ಕೆಲಸ ನಿಲ್ಲಿಸಿ, ಸುತ್ತಿಗೆ ಕೆಳಗಿಟ್ಟು, ಆಡುವವನ ಕಡೆ ಮುಖ ಮಾಡಿ ಕೂತುಬಿಟ್ಟಿದ್ದಾನೆ.

ಅವನು ಏನನ್ನುತ್ತಾನೆ ಎಂದು ನವ್ಯಾ ಕೇಳಿದಳು.

ಜೋಸೆಫ್ ಪರದೆ ನೋಡಿ ಓದಿದ. ಒಂದು ಹಲಗೆ ಬಾಕಿ. ತಡೆಹಿಡಿಯಲಾಗಿದೆ.

"ಈ ಎರಡನೇ ಮಾತು ಪಟ್ಟಿಯಲ್ಲೇ ಇಲ್ಲ," ಎಂದ. "ಯಾರು ಹಾಕಿದ್ದು? ಇದನ್ನು ದೊಡ್ಡ ದೋಷ ಅಂತ ಬರೀಲಾ?"

ನವ್ಯಾ ಕೋಣೆಯ ಕಡೆ ನೋಡಿದಳು. ದೊಡ್ಡಮ್ಮ ಕಣ್ಣು ಮುಚ್ಚಿದ್ದರು. ಎದೆ ಏರಿಳಿಯುತ್ತಿತ್ತು. ಮುಷ್ಟಿ ಬಿಗಿಯಾಗಿತ್ತು.

ಬರೆಯಬೇಡ, ಅದು ದೋಷವಲ್ಲ ಎಂದು ಅವಳು ಉತ್ತರಿಸಿದಳು. ನಂತರ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದು, ಆ ಮುಷ್ಟಿಯ ಮೇಲೆ ತನ್ನ ಕೈಯಿಟ್ಟು ಕೂತಳು. ಮೇಜಿನ ಮೇಲೆ ಪರೀಕ್ಷೆಯ ಫೋನಿನಲ್ಲಿ ಆಟ ತೆರೆದೇ ಇತ್ತು. ಎಂಟು ಚೌಕಗಳ ಮುಖ ಕದಲದೆ ಇಬ್ಬರನ್ನೂ ನೋಡುತ್ತಿತ್ತು.