ಕೆಂಚಯ್ಯ ಕೂಗಬೇಕಿದ್ದ ಮುಹೂರ್ತ

ಭಾನುಪ್ರಿಯಾಳಿಗೆ ಆ ಗೋಡೆ ಗಡಿಯಾರ ಕಂಡರಾಗಲಿಲ್ಲ. ಅರಸೀಕೆರೆಯ ಕಲ್ಯಾಣ ಮಂಟಪದಲ್ಲಿ ವಧೂವರರ ಫೋಟೋ ತೋರಿಸಲು ಅವಳು ಹಾಕಿಸಿದ್ದ ದೊಡ್ಡ ಪರದೆಯ ನೆತ್ತಿಯ ಮೇಲೇ ಅದು ಜೇಡರ ಬಲೆ ಸಮೇತ ನೇತಾಡುತ್ತಿತ್ತು. “ಪರದೇಲೇ ಟೈಮ್ ಬರುತ್ತೆ, ಇದ್ಯಾಕ್ರೀ?” ಎಂದು ಇಳಿಸಿಬಿಟ್ಟಳು. ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯನ್ನು ಕಂಪ್ಯೂಟರಿಗೆ ಹಾಕಲು ಬರುವವಳು ಊರಿಗೆಲ್ಲ ತಾನೊಬ್ಬಳೇ ಎಂಬ ಜಂಬ ಬೇರೆ. ಎರಡು ಸಾವಿರದ ಏಳರಲ್ಲಿ ಅದೇನು ಸಣ್ಣ ಜಂಬವಲ್ಲ.

ಕಂಪ್ಯೂಟರಿಗೊಂದು ಕಾಯಿಲೆ ಇತ್ತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ಜೋರಾಗಿ ಓಡಿಸಿದರೆ ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ತತ್ತರಿಸಿ ಪರದೆ ಇದ್ದಲ್ಲೇ ನಿಂತುಬಿಡುತ್ತಿತ್ತು. ಹಾಡು ಮಾತ್ರ ಬರುತ್ತಲೇ ಇರುತ್ತಿತ್ತು. ಇಂಟರ್ನೆಟ್ಟೆಲ್ಲ ಜಾಲಾಡಿ ಮದ್ದು ಕಂಡುಕೊಂಡಿದ್ದಳು: ಕಾರ್ಡಿನ ಕ್ಲಾಕ್, ಅಂದರೆ ಅದರ ಓಟದ ವೇಗ ಇಳಿಸಬೇಕು. ಇಳಿಸಿದ ಮೇಲೆ ಪರದೆ ಒಮ್ಮೆಯೂ ನಿಂತಿರಲಿಲ್ಲ. ಆದರೆ ಫೋಟೋಗಳು ತಿರುಗುತ್ತ ಬರುವಾಗ ತಡವರಿಸುತ್ತಿದ್ದವು. ಗೆಳತಿ ಲಾವಣ್ಯಳ ಮದುವೆಯಲ್ಲವೇ, ನಾಲ್ಕು ಜನ ಬಾಯಿಬಿಟ್ಟು ನೋಡಲಿ ಎಂದು ಮದುವೆಯ ಬೆಳಿಗ್ಗೆ ವೇಗವನ್ನು ಮತ್ತೆ ಏರಿಸಿದಳು. ಒಂದು ದಿನಕ್ಕೆ ಏನಾಗುತ್ತೆ ಬಿಡು ಎಂದುಕೊಂಡಳು.

ಲಾವಣ್ಯಳ ಮನೆತನದಲ್ಲಿ ಒಂದು ಪದ್ಧತಿ. ಪುರೋಹಿತರು ಎಷ್ಟೇ ಮಂತ್ರ ಹೇಳಲಿ, ಹೆಣ್ಣಿನ ಸೋದರಮಾವ ಗಡಿಯಾರ ನೋಡಿ “ಮುಹೂರ್ತ!” ಎಂದು ಕೂಗಿದ ಮೇಲೇ ತಾಳಿ. ಆ ಸೋದರಮಾವ ಬಾಣಾವರದ ಕೆಂಚಯ್ಯ. ತೆಂಗಿನ ತೋಟ ಬಿಟ್ಟು ಆಚೆ ಬಾರದ ಮನುಷ್ಯ ಅಂದು ಹೊಸ ಪಂಚೆ ಉಟ್ಟು, ಪರದೆಯ ಎದುರೇ ಕುರ್ಚಿ ಹಾಕಿಸಿಕೊಂಡು ಕಣ್ಣು ನೆಟ್ಟು ಕೂತಿದ್ದ. ಮಿಕ್ಕವರ ಕೈಯಲ್ಲಿ ವಾಚುಗಳಿದ್ದವು, ನಿಜ. ಕೂಗುವವನು ಎದುರಿಗೇ ಕೂತಿರುವಾಗ ತಮ್ಮ ವಾಚು ನೋಡಿಕೊಳ್ಳುವವರು ಯಾರು?

ಭಾನುಪ್ರಿಯಾ ಮದುಮಗಳ ಜೊತೆ ವೇದಿಕೆ ಹತ್ತಿ ಸೆರಗು ಸರಿಮಾಡುತ್ತಿದ್ದಾಗ ಗಂಡಿನ ತಂದೆ ಜಯದೇವಪ್ಪ ತಮ್ಮ ವಾಚು ನೋಡಿ ಹೌಹಾರಿದರು. “ಏನ್ರೀ ಕೆಂಚಯ್ಯ, ಹತ್ತೂವರೆ ಮುಹೂರ್ತ ಮೀರೋಯ್ತಲ್ರೀ!”

ಅವಳು ತಿರುಗಿ ನೋಡಿದಳು. ಪರದೆಯಲ್ಲಿ ವಧೂವರರು ನಗುತ್ತಿದ್ದರು. ಮೂಲೆಯಲ್ಲಿ ಹತ್ತೂ ಇಪ್ಪತ್ತು, ವೇದಿಕೆ ಹತ್ತುವ ಮುಂಚೆ ನೋಡಿದಾಗ ಇದ್ದದ್ದೇ. ಓಡಿಹೋಗಿ ಕಂಪ್ಯೂಟರಿನ ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಿದಳು. ಪರದೆ ಒಮ್ಮೆ ಕಪ್ಪಾಗಿ, ಸರಿಯಾದ ಸಮಯ ಹೊತ್ತು ಮತ್ತೆ ಬೆಳಗಿತು. ಜನ ತಲೆಯೆತ್ತಿ ನೋಡಿದ್ದು ಆಮೇಲೆ.

“ಟೈಮ್ ಸರ್ಯಾಗೇ ಐತಲ್ಲ! ಇವ್ನು ತೂಕಡಿಸ್ತಾ ಕುಂತಿದ್ದ ಕಣ್ರೀ!” ಎಂದರು ಯಾರೋ.

“ಇಲ್ಲ ಕಣ್ರಪ್ಪಾ, ಈಗ್ತಾನೆ ಹತ್ತೂ ಇಪ್ಪತ್ತಿತ್ತು...” ಎನ್ನುತ್ತ ಕೆಂಚಯ್ಯ ಕಣ್ಣುಜ್ಜಿ ಮತ್ತೆ ಪರದೆ ನೋಡಿದ.

ಪರದೆ ನಿಂತಿತ್ತೆಂದು ಭಾನುಪ್ರಿಯಾ ಯಾರಿಗೂ ಹೇಳಲಿಲ್ಲ. ಮಧ್ಯಾಹ್ನದ ಅಭಿಜಿನ್ ಲಗ್ನಕ್ಕೆ ದೋಷವಿಲ್ಲವೆಂದು ಪುರೋಹಿತರು ಮದುವೆ ಉಳಿಸಿದರು. ಈ ಸಲ ಕೂಗಿದ್ದು ಕೆಂಚಯ್ಯನಲ್ಲ, ಅವನ ತಮ್ಮ. ನಾಚಿಕೆಯಿಂದ ಭಾನುಪ್ರಿಯಾಳಿಗೆ ಅಕ್ಷತೆ ಹಾಕಲೂ ಕೈ ಏಳಲಿಲ್ಲ.

ಊಟದ ಹೊತ್ತಿಗೆ ಕೆಂಚಯ್ಯ ಕಂಬದ ಹಿಂದೆ ಒಬ್ಬನೇ ಕೂತಿದ್ದ. ಅವಳನ್ನು ಕಂಡು ತಾನೇ ಎದ್ದ. “ನಿನ್ ಪರದೆ ಮ್ಯಾಲೆ ತಪ್ಪು ಹೊರಿಸ್ಬಿಟ್ಟೆ ಕಣವ್ವ, ಬೇಜಾರ್ ಮಾಡ್ಕಬ್ಯಾಡ. ನಮ್ಮಪ್ಪಂಗೂ ಹಿಂಗೇ ಸುರುವಾಗಿದ್ದು. ಆಮ್ಯಾಕೆ ಎರಡು ಕಣ್ಣೂ ಹೋದ್ವು.”

ಭೂಮಿ ಬಾಯಿಬಿಡಬಾರದೇ ಅನಿಸಿತು ಅವಳಿಗೆ.

“ಮಾವ, ಪರದೆ ನಿಂತೋಗಿತ್ತು. ನಿಲ್ಲುತ್ತೆ ಅಂತ ನಂಗೆ ಗೊತ್ತಿತ್ತು. ಯಾರಿಗೂ ಹೇಳ್ದೆ ಸರಿಮಾಡ್ಬಿಟ್ಟೆ.” ಎರಡೇಟು ಹಾಕಲಿ ಎಂದು ತಲೆ ತಗ್ಗಿಸಿ ನಿಂತಳು.

“ಹಂಗಾರೆ ನನ್ ಕಣ್ಣು ಸರ್ಯಾಗೈತಾ?”

“ಹ್ಞೂ ಮಾವ.”

ಕೆಂಚಯ್ಯ ಅವಳ ಎರಡೂ ಕೈ ಹಿಡಿದುಕೊಂಡ. “ಬದುಕಿಸ್ಬಿಟ್ಟೆ ಕಣವ್ವ!” ಎನ್ನುತ್ತ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಊಟಕ್ಕೆ ನಡೆದ. ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು.

ಪಂಕ್ತಿಯಲ್ಲಿ ಜಯದೇವಪ್ಪನವರು ಸೋದರಮಾವನ ತೂಕಡಿಕೆಯನ್ನು ಬಣ್ಣ ಕಟ್ಟಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಕೆಂಚಯ್ಯ ಅವಳ ಹೆಸರೆತ್ತಲಿಲ್ಲ. ತಾನೂ ನಕ್ಕು ಎಲೆಯ ಮುಂದೆ ಕೂತ. ಭಾನುಪ್ರಿಯಾ ಪಂಕ್ತಿಯ ನಡುವೆ ಹೋಗಿ ನಿಂತಳು. ಕೊನೆಯ ಎಲೆಯವರಿಗೂ ಕೇಳುವಂತೆ, ಕಂಬದ ಹಿಂದೆ ಹೇಳಿದ್ದ ಮಾತನ್ನೇ ಇನ್ನೊಮ್ಮೆ ಹೇಳಿದಳು.