ಸದ್ದಿನ ಡಬ್ಬಿ

ಸರ್ಕಾರ ಒಳ್ಳೆಯದು ಮಾಡಲು ಹೊರಟಾಗಲೇ ನನಗೆ ಹೆಚ್ಚು ಹೆದರಿಕೆ. ಕೆಟ್ಟದ್ದಾದರೆ ಜಗಳವಾದರೂ ಆಡಬಹುದು. ರೈತರಿಗೆ ಅರ್ಧ ಬೆಲೆಗೆ ಬೇಲಿ ಯಂತ್ರ ಕೊಡುತ್ತೇವೆ ಅಂದರೆ ಯಾರ ಜೊತೆ ಜಗಳ ಆಡುವುದು?

ನಾನು ಕುಸುಮ. ಮಾಂಬಳ್ಳಿಯಿಂದ ದಿನಾ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು ಶಿವರುದ್ರಸ್ವಾಮಿ ಸಾರ್ ಅವರ ವರ್ಕ್‌ಶಾಪಿನಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುತ್ತೇನೆ. ಮದುವೆಯಾದ ವರ್ಷ ಸೇರಿದವಳು, ಈಗ ಮಗಳು ಸೌಮ್ಯ ಕಾಲೇಜಿಗೆ ಹೋಗುತ್ತಿದ್ದಾಳೆ. ನಾವು ಮಾಡುವುದು ಝಟ್ಕಾ ಯಂತ್ರ. ಹೊಲದ ಸುತ್ತ ತಂತಿ ಎಳೆದು, ಸೋಲಾರ್ ಪ್ಯಾನೆಲ್ ಇಟ್ಟು, ಈ ಯಂತ್ರ ಜೋಡಿಸಿದರೆ ತಂತಿ ಮುಟ್ಟಿದ ಹಂದಿಗೋ ಆನೆಗೋ ಚುರುಕಾದ ಒಂದು ಏಟು ಬೀಳುತ್ತದೆ. ಪ್ರಾಣಿ ಸಾಯುವುದಿಲ್ಲ, ಬಂದ ದಾರಿಗೆ ತಿರುಗುತ್ತದೆ. ಆ ಏಟು ಹುಟ್ಟುವುದು ನಾನು ಸುತ್ತಿದ ಕಾಯಿಲಿನಲ್ಲಿ. ಮನೆಯಲ್ಲಿ ಇದನ್ನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಅದು ಬೇರೆ ಮಾತು.

ನಮ್ಮ ಯಂತ್ರಕ್ಕೆ ಒಂದು ಚಾಳಿಯಿತ್ತು. ಏಟು ಹೋದಾಗಲೆಲ್ಲ ಟಕ್ ಎನ್ನುತ್ತಿತ್ತು. ಮೊದಲು ಅಷ್ಟು ಜೋರಿರಲಿಲ್ಲ. ಲೊಕ್ಕನಹಳ್ಳಿಯ ಮಾದು, ಕಾಡಂಚಿನಲ್ಲಿ ಹೊಲ ಇರುವವನು, ಒಂದು ದಿನ ಬಂದು, "ಸಾ, ಅಟ್ಟಣೆ ಮ್ಯಾಲೆ ಮಲಗಿದ್ರೂ ಕೇಳ್ಬೇಕು, ಅಂಗೆ ಮಾಡ್ಕೊಡಿ" ಎಂದು ಕೂತ. ಹೊಲದ ಅಟ್ಟಣೆಯಲ್ಲಿ ಕಾವಲಿಗೆ ಮಲಗುವವರು ಆ ಸದ್ದು ಕೇಳಿಕೊಂಡೇ ನಿದ್ದೆ ಮಾಡುತ್ತಾರೆ. ಸದ್ದು ನಿಂತರೆ ಎಚ್ಚರವಾಗುತ್ತದೆ, ತೊಟ್ಟಿಲು ತೂಗುವ ಕೈ ನಿಂತಾಗ ಕೂಸು ಏಳುವ ಹಾಗೆ. ಸಾರ್ ಕಾಯಿಲಿನ ಪಕ್ಕ ಒಂದು ಕಬ್ಬಿಣದ ತಗಡು ಕೂರಿಸಿದರು. ತಂತಿಗೆ ಹೋಗುವ ಕರೆಂಟೇ ಆ ತಗಡನ್ನೂ ಬಡಿಯುತ್ತಿತ್ತು. ಏಟಿಲ್ಲದೆ ಸದ್ದಿಲ್ಲ. ಆಮೇಲೆ ಹನೂರು ಕಡೆಯ ಕಾಡಂಚಿನವರೆಲ್ಲ ಟಕ್ ಮಿಷನ್ನೇ ಬೇಕೆಂದು ಹುಡುಕಿಕೊಂಡು ಬರತೊಡಗಿದರು. ಕೈಗೆ ಬಿಡುವಿರಲಿಲ್ಲ.

ಆಗ ಸಬ್ಸಿಡಿ ಬಂತು. ಪಟ್ಟಿಯಲ್ಲಿರುವ ಕಂಪನಿಗಳ ಯಂತ್ರಕ್ಕೆ ಮಾತ್ರ. ಪಟ್ಟಿಗೆ ಸೇರಬೇಕಾದರೆ ಕೋಟಿಗಟ್ಟಲೆ ವ್ಯಾಪಾರ ತೋರಿಸಬೇಕು. ಸಾರ್ ಇಸ್ತ್ರಿ ಅಂಗಿ ಹಾಕಿಕೊಂಡು ಬೆಂಗಳೂರಿಗೆ ಹೋದರು, ಅದನ್ನು ಮುದುರಿಸಿಕೊಂಡು ವಾಪಸ್ ಬಂದರು.

"ಏನಂದ್ರು ಸಾ?"

"ನಿಮ್ಮಂಥೋರೇ ದೇಶದ ಬೆನ್ನೆಲುಬು ಅಂದ್ರು. ಕಾಫಿ ಕೊಟ್ರು."

"ಅಂಗಾದ್ರೆ ಬೆಲೆನಾದ್ರೂ ಇಳ್ಸಿ."

ಅವರು ಮೇಜಿನ ಮೇಲಿದ್ದ ಕಾಯಿಲಿನೊಳಗೆ ಕೂರಿಸುವ ಕೋರನ್ನು ಎತ್ತಿ ತೋರಿಸಿದರು. "ಇದು ಹೊರದೇಶದ್ದು. ಕೆಪಾಸಿಟರೂ ಅಲ್ಲಿದೇ. ಬಿಡಿಬಿಡಿಯಾಗಿ ತರಿಸಿದ್ರೆ ಸುಂಕ ಜಾಸ್ತಿ. ಎಲ್ಲಾ ಜೋಡಿಸಿರೋ ಬೋರ್ಡು ಅದೇ ಹಡಗಲ್ಲಿ ಬಂದ್ರೆ ಸುಂಕ ಕಮ್ಮಿ. ಅವ್ರು ಬೋರ್ಡು ತರಿಸ್ಕಂಡು ಇಲ್ಲಿ ನಾಕು ಸ್ಕ್ರೂ ಬಿಗೀತಾರೆ. ನಾವು ಇಲ್ಲೇ ಕೂತು ಮಾಡಿದ್ದಕ್ಕೆ ದಂಡ ಕಟ್ತಾ ಇದ್ದೀವಿ."

"ನಾವೂ ನಾಕು ಸ್ಕ್ರೂ ಬಿಗಿಯೋವ ಬುಡಿ" ಎಂದೆ, ತಮಾಷೆಗೆ. ಅವರು ನಗಲಿಲ್ಲ.

"ಅದಕ್ಕೂ ಪಟ್ಟೀಲಿರ್ಬೇಕಮ್ಮ."

ಹೊಸ ಯಂತ್ರಗಳು ಬಂದವು. ನೋಡಲು ಚೆಂದ, ಮೇಲೆ ಭಾರತದಲ್ಲಿ ತಯಾರಾದದ್ದು ಎಂಬ ಮೂರು ಬಣ್ಣದ ಸ್ಟಿಕ್ಕರ್. ಹಳೆಯದು ಸುಟ್ಟುಹೋಗಿತ್ತೆಂದು ಮಾದುವೂ ಒಂದು ತೆಗೆದುಕೊಂಡ. ಅವನನ್ನು ದೂರಲಾರೆ, ಅರ್ಧ ಬೆಲೆಗೆ ಸಿಕ್ಕಿದರೆ ನಾನೂ ಅದನ್ನೇ ಕೊಳ್ಳುತ್ತಿದ್ದೆ. ನಮ್ಮಲ್ಲಿ ಬೆಸುಗೆ ಹಾಕುತ್ತಿದ್ದ ನಾಗರಾಜು ಆಟೋ ಓಡಿಸಲು ಹೋದ. ಉಳಿದವಳು ನಾನೊಬ್ಬಳೇ. ಕಾಯಿಲ್ ಸುತ್ತುವ ಮಿಷನ್ನಿಗೆ ಧೂಳು ಕೂರದಿರಲಿ ಎಂದು ಹಳೇ ಸೀರೆಯ ತುಂಡು ಹೊದಿಸಿಟ್ಟೆ. ಬೇಸಿಗೆಯಿಡೀ ಅದನ್ನು ತೆಗೆಯುವ ಸಂದರ್ಭ ಬರಲಿಲ್ಲ.

ಮಳೆ ಶುರುವಾದ ಮೇಲೆ ಮಾದು ಹೊಸ ಯಂತ್ರವನ್ನು ಹೆಗಲ ಮೇಲೆ ಹೊತ್ತುಕೊಂಡೇ ಬಂದ.

"ಚೆನ್ನಾಗೇ ಅದೆ ಸಾ. ಆದ್ರೆ ಬಾಯೇ ಬುಡಲ್ಲ. ನನ್ನೆಂಡ್ರು ಮಾದೇವಿಗೆ ನಿದ್ದೆ ಇಲ್ಲ. ಗಳಿಗೆಗೊಂದು ಸಲ ಎದ್ದೋಗಿ ಹಸಿ ಹುಲ್ಲು ಕಿತ್ತು ತಂತಿಗೆ ಮುಟ್ಟಿಸಿ ನೋಡ್ತಾಳೆ, ಕೈ ಜುಮ್ ಅಂತದಾ ಇಲ್ವಾ ಅಂತ. ಇದ್ಕೊಂದು ಟಕ್ ಸೇರಿಸ್ಕೊಡಿ."

ಸಾರ್ ಮುಖ ಅರಳಿತು. ನನಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಟಕ್ ಬೇಕೆಂದು ಇವನು ಬಂದರೆ ಉಳಿದವರೂ ಬಂದಾರು ಎಂದುಕೊಂಡೆ. ಆದರೆ ಯಂತ್ರದ ಮುಚ್ಚಳಕ್ಕೆ ಸೀಲ್ ಇತ್ತು. ಸೀಲ್ ಒಡೆದರೆ, ಬೇಲಿಗೆ ಬೇರೆ ಏನನ್ನಾದರೂ ಜೋಡಿಸಿದರೆ ವಾರಂಟಿ ಇಲ್ಲ, ಸಬ್ಸಿಡಿಯನ್ನೂ ವಾಪಸ್ ಕಟ್ಟಬೇಕು. ಸಾರ್ ಇದನ್ನು ಓದಿ ಹೇಳಿದ್ದೇ ತಡ, ಮಾದು ಯಂತ್ರವನ್ನು ತನ್ನ ಕಡೆಗೆ ಎಳೆದುಕೊಂಡ.

ಅವನನ್ನು ಬರಿಗೈಲಿ ಕಳಿಸಲು ಸಾರ್‌ಗೆ ಮನಸ್ಸು ಬರಲಿಲ್ಲ. ಒಂದು ಡಬ್ಬಿಯೊಳಗೆ ಸೆಲ್ ಹಾಕಿ, ಟಕ್ ಟಕ್ ಎನ್ನುವ ಹಾಗೆ ಏನೋ ಮಾಡಿ ಕೊಟ್ಟರು.

"ಇದಕ್ಕೂ ತಂತಿಗೂ ಸಂಬಂಧ ಇಲ್ಲ ಕಣೋ. ಬರೀ ಸದ್ದು. ಹುಲ್ಲು ಮುಟ್ಟಿಸಿ ನೋಡೋದು ಮಾತ್ರ ಬಿಡಬೇಡಿ."

"ನಂಗೊತ್ತಿಲ್ವಾ ಸಾ" ಎಂದು ಮಾದು ನಕ್ಕ.

ರಾಗಿ ತೆನೆ ಬಲಿಯುವ ಹೊತ್ತಿಗೆ ಅವನು ಮತ್ತೆ ಬಂದ. ಡಬ್ಬಿಯನ್ನು ಮೇಜಿನ ಮೇಲಿಟ್ಟ. ಕೂತುಕೋ ಎಂದರೂ ಕೂರಲಿಲ್ಲ.

"ಆನೆ ಬಂದಿದ್ವು ಸಾ. ರಾಗಿ ಎಲ್ಲಾ ಓಯ್ತು. ಮಿಷನ್ನು ಯಾವತ್ತು ಸತ್ತಿತ್ತೋ ಗೊತ್ತಿಲ್ಲ. ಮೊದ್ಮೊದ್ಲು ಹುಲ್ಲು ಮುಟ್ಟಿಸಿ ನೋಡ್ತಿದ್ವಿ. ಆಮೇಲೆ, ಸದ್ದು ಬತ್ತಿತ್ತಲ್ಲ, ಮಲಿಕಂಡ್ವಿ."

ಯಾರನ್ನು ಬಯ್ಯಲಿ? ಇಷ್ಟು ವರ್ಷ ನಮ್ಮ ಸದ್ದನ್ನು ನಂಬಿ ಮಲಗಿದ್ದ ಜನ, ಆ ನಂಬಿಕೆಯಲ್ಲೇ ಮಲಗಿದ್ದರು.

ಸಾರ್ ಡಬ್ಬಿಯನ್ನು ಎತ್ತಿಕೊಂಡರು. "ಇದನ್ನ ಒಡೆದು ಹಾಕ್ತೀನಿ."

"ಬ್ಯಾಡಿ ಸಾ" ಎಂದ ಮಾದು. "ಕಂಪ್ನಿಯೋರು ಬೇರೆ ಮಿಷನ್ ಕೊಟ್ಟವ್ರೆ, ಫ್ರೀಯಾಗಿ. ಅದೂ ಬಾಯಿ ಬುಡಲ್ಲ. ಇದ್ರ ಸೆಲ್ ಮುಗ್ದದೆ, ಹಾಕ್ಸವ ಅಂತ ಬಂದೆ." ನೆಲ ನೋಡಿಕೊಂಡು ಹೇಳಿದ. "ಸುಳ್ಳು ಅಂತ ಗೊತ್ತು ಸಾ. ಆದ್ರೂ ಇದಿಲ್ದೆ ಮಾದೇವಿ ಕಣ್ಣು ಮುಚ್ಚಲ್ಲ. ಪಕ್ಕದ ಹೊಲದೋರೂ ಕೇಳವ್ರೆ. ಇನ್ನೊಂದತ್ತು ಮಾಡ್ಕೊಡಿ."

ಸಾರ್ ಡಬ್ಬಿಯನ್ನು ಕೆಳಗಿಟ್ಟರು. ನನ್ನ ಕಡೆ ನೋಡಿದರು, ಆಮೇಲೆ ಬಾಗಿಲ ಕಡೆ ನೋಡಿದರು. ಎಷ್ಟೋ ತಿಂಗಳ ಮೇಲೆ ಬಂದ ಮೊದಲ ಆರ್ಡರ್ ಅದು.

"ಶುಕ್ರವಾರ ಬಾ" ಎಂದರು.

ಮಾದು ಹೋದ. ನಾನು ಅಭ್ಯಾಸಬಲದಿಂದ ಎದ್ದು ಕಾಯಿಲ್ ಮಿಷನ್ನಿನ ಮೇಲಿನ ಬಟ್ಟೆ ತೆಗೆದೆ. "ಎಷ್ಟು ಸುತ್ತು ಹಾಕ್ಲಿ ಸಾ?"

ಅವರು ಡ್ರಾಯರಿನಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ತೆಗೆದರು. ಒಳಗೆ ರೂಪಾಯಿ ನಾಣ್ಯದಷ್ಟು ಅಗಲದ ಕರಿ ಬಿಲ್ಲೆಗಳು. ಪೊಟ್ಟಣದ ಮೇಲೆ ನನಗೆ ಓದಲು ಬಾರದ ಯಾವುದೋ ದೇಶದ ಅಕ್ಷರ.

"ಇದಕ್ಕೆ ಕಾಯಿಲ್ ಬೇಡಮ್ಮ. ಸದ್ದು ರೆಡಿಯಾಗೇ ಬರುತ್ತೆ. ಸೆಲ್ ಕೂರಿಸಿ ನಾಕು ಸ್ಕ್ರೂ ಬಿಗಿದ್ರೆ ಆಯ್ತು."

ತೆಗೆದ ಬಟ್ಟೆಯನ್ನು ಮತ್ತೆ ಹೊದಿಸಿ ಬಂದು ಸ್ಕ್ರೂ ಡ್ರೈವರ್ ಕೈಗೆ ತೆಗೆದುಕೊಂಡೆ. ನಾಲ್ಕನೆಯ ಸ್ಕ್ರೂ ಬಿಗಿದು ಸ್ವಿಚ್ ಒತ್ತಿದೆ. ಡಬ್ಬಿ ಟಕ್ ಎಂದಿತು, ಥೇಟ್ ನಮ್ಮದರ ಹಾಗೆಯೇ.